ಸ್ಕೀಮಿನಲ್ಲಿ ಇಲ್ಲದ ಉತ್ತರ

ಉಡುಪಿಯ ಒಂದು ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಅರ್ಥಶಾಸ್ತ್ರ ಕಲಿಸುತ್ತಿದ್ದೇನೆ. ಕೊನೆಯ ಸೆಮಿಸ್ಟರಿನ ಐದನೆಯ ಘಟಕವನ್ನು ಯಾರೂ ಇಷ್ಟಪಡುವುದಿಲ್ಲ, ಆದ್ದರಿಂದ ಅದು ಪ್ರತಿ ವರ್ಷವೂ ನನ್ನ ಪಾಲಿಗೇ ಬರುತ್ತದೆ. ಕಮ್ಯುನಿಸ್ಟ್ ಆಡಳಿತದಿಂದ ಹೊರಬಿದ್ದು ಮಾರುಕಟ್ಟೆಯ ದಾರಿ ಹಿಡಿದ ದೇಶಗಳ ಕಥೆ ಅದು. ಅವು ಹೇಗೆ ಬೆಳೆದವು, ಬೆಳೆಯುತ್ತ ಯಾವ ಇಕ್ಕಟ್ಟಿಗೆ ಸಿಕ್ಕಿಬಿದ್ದವು, ಈಗ ಅಲ್ಲಿನ ಸರ್ಕಾರಗಳು ಏನು ಮಾಡಬೇಕು, ಇಷ್ಟನ್ನೂ ಆರು ತರಗತಿಗಳಲ್ಲಿ ಮುಗಿಸಬೇಕು. ಹೊರಗೆ ಸೆಖೆ, ಒಳಗೆ ಕಿರುಗುಡುವ ಫ್ಯಾನು, ಹಿಂದಿನ ಬೆಂಚಿನಲ್ಲಿ ನಿದ್ದೆ. ಅವರನ್ನು ಬೈದು ಎಬ್ಬಿಸಿ ನಾನು ಬೋರ್ಡಿನ ಮೇಲೆ ಗೆರೆ ಎಳೆಯುತ್ತಿದ್ದೆ.

ಆ ದೇಶಗಳಲ್ಲಿ ಒಂದನ್ನಾದರೂ ನಾನು ನೋಡಿದವಳಲ್ಲ. ಪಾಸ್‌ಪೋರ್ಟ್ ಮಾಡಿಸಿಕೊಂಡಿದ್ದೆ, ಒಂದೇ ಒಂದು ಮುದ್ರೆ ಬೀಳದೆ ಅದರ ಅವಧಿ ಮುಗಿಯಿತು. ಆದರೂ ಅಲ್ಲಿಯ ಹಡಗು ಕಟ್ಟುವ ಯಾರ್ಡುಗಳು ಯಾಕೆ ಮುಚ್ಚಿದವು, ಮತ್ತೆ ಯಾಕೆ ತೆರೆದವು ಎಂದು ಕೇಳಿದರೆ ಕಣ್ಣುಮುಚ್ಚಿ ಹೇಳುತ್ತಿದ್ದೆ. ಈ ಜಂಬವೇ ನನ್ನನ್ನು ಕೆಡಿಸಿತು. ಕೆಟ್ಟದ್ದು ನಾನೊಬ್ಬಳೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ನನಗೊಬ್ಬ ತಮ್ಮನಿದ್ದಾನೆ, ನನಗಿಂತ ಒಂಬತ್ತು ವರ್ಷ ಚಿಕ್ಕವನು. ಐಟಿಐ ಮುಗಿಸಿ ಮಲ್ಪೆಯಲ್ಲಿ ಸ್ಟೀಲ್ ಬೋಟು ಕಟ್ಟುವ ಒಂದು ಯಾರ್ಡಿನಲ್ಲಿ ವೆಲ್ಡರ್ ಆದ. ಕಾಪುವಿನ ನಮ್ಮ ಮನೆಯಿಂದ ದಿನಾ ಬೈಕಿನಲ್ಲಿ ಹೋಗಿ ಬರುತ್ತಿದ್ದ. ಬೋಟಿನ ಅಡಿಭಾಗದ ಬೆಸುಗೆಯನ್ನು ಅವನೇ ಮಾಡಬೇಕೆಂದು ಹಟ ಹಿಡಿದು, ಅವನು ಬಿಡುವಾಗುವ ತನಕ ಕಾಯುವ ಮಾಲೀಕರಿದ್ದರು. ಓದಿನಲ್ಲಿ ನಾನು ಮುಂದು, ಕೈಕೆಲಸದಲ್ಲಿ ಅವನು ಮುಂದು ಎಂದು ಅಮ್ಮ ಇದ್ದಾಗ ಹೇಳುತ್ತಿದ್ದಳು. ಆಗ ಅದನ್ನು ನಾನು ನನ್ನ ಹೊಗಳಿಕೆ ಎಂದೇ ತಿಳಿದುಕೊಂಡಿದ್ದೆ.

ಮೂರು ವರ್ಷಗಳ ಹಿಂದೆ ಹೊಸ ಬೋಟು ಕಟ್ಟಿಸುವವರು ಕಡಿಮೆಯಾದರು. ಮೀನು ಸಿಗುವುದಿಲ್ಲ, ಡೀಸೆಲಿನ ಖರ್ಚೇ ಹುಟ್ಟುವುದಿಲ್ಲ, ಹೊಸ ಬೋಟು ಯಾರಿಗೆ ಬೇಕು? ಯಾರ್ಡಿನಲ್ಲಿ ತುಕ್ಕು ಹಿಡಿದ ಹಳೆಯ ಬೋಟುಗಳಿಗೆ ತೇಪೆ ಹಾಕುವ ಕೆಲಸ ಮಾತ್ರ ಉಳಿಯಿತು, ಅದೂ ವಾರದಲ್ಲಿ ಮೂರು ದಿನ. ಅವನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಹಗಲು ಹೊತ್ತಿನಲ್ಲಿ ಮನೆಯಲ್ಲಿ ಕೂತು ಅಭ್ಯಾಸವಿಲ್ಲದವನು, ಇದ್ದ ಬಾಗಿಲುಗಳ ತಿರುಗಣಿಗಳನ್ನೆಲ್ಲ ಬಿಚ್ಚಿ ಎಣ್ಣೆ ಹಾಕಿ ಮತ್ತೆ ಕೂರಿಸುತ್ತಿದ್ದಾನೆಂದು ಅವನ ಹೆಂಡತಿ ನನಗೆ ಫೋನು ಮಾಡಿ ಹೇಳಿದಳು.

ಒಂದು ಭಾನುವಾರ ಅವನು ಮಣಿಪಾಲದ ನನ್ನ ಬಾಡಿಗೆ ಮನೆಗೆ ಎರಡು ಕಾಗದ ಹಿಡಿದುಕೊಂಡು ಬಂದ. ಒಂದು ಗಲ್ಫಿನ ಕೆಲಸದ್ದು. ಕಾಪುವಿನಲ್ಲಿ ನಮ್ಮ ಪಕ್ಕದ ಮನೆಯವರು ಕೊಂಕಣಿ ಮಾತಾಡುವ ಕ್ರಿಶ್ಚನರು, ಅವರ ಹಿರಿಯ ಮಗ ಅಲ್ಲಿ ಫೋರ್‌ಮನ್ ಆಗಿದ್ದವನು ಕಳಿಸಿದ್ದು. ಇನ್ನೊಂದು ಒಬ್ಬ ಏಜೆಂಟ್ ಕೊಟ್ಟದ್ದು, ನನ್ನ ಐದನೆಯ ಘಟಕದ ಒಂದು ದೇಶದ್ದು. ಯಾವ ದೇಶವೆಂದು ಬರೆಯುವುದಿಲ್ಲ. ತಮ್ಮ ಇನ್ನೂ ಅಲ್ಲಿದ್ದಾನೆ, ಅವನ ಕಾಗದಪತ್ರ ಅಲ್ಲಿನ ಸರ್ಕಾರದ ಕೈಯಲ್ಲಿದೆ. ನದಿಯ ದಡದ ಒಂದು ಹಳೆಯ ಊರು, ಅಲ್ಲೊಂದು ಹಡಗಿನ ಯಾರ್ಡು ಎಂದರೆ ಸಾಕು.

ನಾವು ಮನೆಯಲ್ಲಿ ಮಾತಾಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

“ಅಕ್ಕ, ಇದು ನಿನ್ನ ಪಾಠದ ದೇಶ ಅಲ್ವಾ? ನೀನೇ ಹೇಳು, ಎಲ್ಲಿಗೆ ಹೋಗಲಿ?”

ಇಪ್ಪತ್ತು ವರ್ಷ ಯಾರೂ ಕೇಳದ ಪ್ರಶ್ನೆಯನ್ನು ಒಬ್ಬ ಕೇಳಿಬಿಟ್ಟಿದ್ದ. ನನಗೆ ಎಷ್ಟು ಖುಷಿಯಾಯಿತೆಂದರೆ, ಅವನಿಗೆ ಚಹಾ ಕೊಡುವುದನ್ನೂ ಮರೆತು ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಹರಿದು ಮಗುಚಿ ಹಾಕಿದೆ. ಒಂದು ಗೆರೆ ಮೇಲಕ್ಕೆ ಎಳೆದೆ, ಅದು ಆ ದೇಶದ ಬೆಳವಣಿಗೆ. ಇನ್ನೊಂದನ್ನು ಕೆಳಕ್ಕೆ ಎಳೆದೆ, ಅದು ಅಲ್ಲಿ ದುಡಿಯುವವರ ಸಂಖ್ಯೆ. ಹರೆಯದವರೆಲ್ಲ ಹೆಚ್ಚಿನ ಸಂಬಳ ಹುಡುಕಿಕೊಂಡು ಜರ್ಮನಿಯ ಕಡೆ ಹೋಗಿದ್ದಾರೆ, ಹಡಗಿಗೆ ಬೇಡಿಕೆ ಬಂದಿದೆ, ಬೆಸುಗೆ ಹಾಕುವವರಿಲ್ಲ.

“ಈ ಎರಡು ಗೆರೆಗಳ ನಡುವೆ ಖಾಲಿ ಜಾಗ ಉಂಟಲ್ಲ, ಅದು ನಿನ್ನದು,” ಎಂದೆ.

“ಗಲ್ಫ್ ಆದ್ರೆ ಗೊತ್ತಿದ್ದವರು ಇದ್ದಾರೆ.”

“ಗೊತ್ತಿದ್ದವರು ಇದ್ದು ಎಂತ? ಅಲ್ಲಿ ಮೂವತ್ತು ವರ್ಷ ದುಡಿದರೂ ಒಬ್ಬನೇ ಇರಬೇಕು. ಈ ದೇಶದಲ್ಲಿ ಎರಡು ವರ್ಷ ಆದ ಮೇಲೆ ಹೆಂಡತಿ, ಮಗಳನ್ನು ಕರೆಸಿಕೊಳ್ಳಬಹುದು. ಬರೆದದ್ದೇ ಉಂಟು, ನೋಡು.”

ಅವನು ಬಹಳ ಹೊತ್ತು ನೋಡಿದ್ದು ಆ ಕಾಗದವನ್ನಲ್ಲ, ನನ್ನ ಗೆರೆಗಳನ್ನು. ಆಮೇಲೆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿಟ್ಟುಕೊಂಡ. ಗಲ್ಫಿನ ಕಾಗದವನ್ನು ನನ್ನ ಮೇಜಿನ ಮೇಲೆಯೇ ಬಿಟ್ಟುಹೋದ.

ಅವನು ಹೋದ ಮೇಲೆ ಕಾಪುವಿನ ಮನೆಯನ್ನು ಬಾಡಿಗೆಗೆ ಕೊಟ್ಟೆವು. ಅವನ ಹೆಂಡತಿ ಮಗಳನ್ನು ಕರೆದುಕೊಂಡು ಕಾರ್ಕಳದ ತವರಿಗೆ ಹೋದಳು, ಅಲ್ಲೇ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದಳು. ಒಂದು ವರ್ಷ ಸಿಪ್ಪೆ ತೆಗೆಯುವಲ್ಲಿ ಕೂತು, ಆಮೇಲೆ ಬೀಜಗಳನ್ನು ಆರಿಸಿ ವಿಂಗಡಿಸುವ ಮೇಜಿಗೆ ಏರಿದಳು. ಎರಡು ವರ್ಷ ತಾನೇ ಎಂದು ಅವಳೂ ಅಂದಳು, ನಾನೂ ಅಂದೆ.

ತಮ್ಮ ತನ್ನ ಊಟದ ಬಿಡುವಿನಲ್ಲಿ ಫೋನು ಮಾಡುತ್ತಿದ್ದ, ಆಗ ನಮಗೆ ಮೂರೂವರೆ ಗಂಟೆ. ಯಾರ್ಡು ಎಷ್ಟು ದೊಡ್ಡದೆಂದರೆ ಒಳಗೇ ಬಸ್ಸು ಓಡುತ್ತಿತ್ತಂತೆ, ಈಗ ಅರ್ಧ ಜಾಗದಲ್ಲಿ ಹುಲ್ಲು ಬೆಳೆದಿದೆಯಂತೆ. ಅವನ ಜೊತೆ ಕ್ರೇನು ನಡೆಸುವ ಒಬ್ಬ ಮುದುಕ ಇದ್ದ. ಪಿಂಚಣಿ ಬಂದರೂ ಅದು ಸಾಲದೆ ಕೆಲಸಕ್ಕೆ ಬರುವವನು. ಅವನ ಇಬ್ಬರು ಮಕ್ಕಳೂ ಜರ್ಮನಿಯಲ್ಲಿ, ಮೊಮ್ಮಕ್ಕಳಿಗೆ ಅಜ್ಜನ ಭಾಷೆ ಬಾರದು. ಬ್ರೆಡ್ಡಿನ ಅಂಗಡಿಯ ಬೆಲೆಯ ಹಲಗೆಯನ್ನು ತಿಂಗಳಿಗೊಮ್ಮೆ ಅಳಿಸಿ ಬರೆಯುತ್ತಾರೆಂದೂ, ಪ್ರತಿ ಸಲವೂ ಆ ಮುದುಕ ಹಲಗೆಯ ಮುಂದೆ ನಿಂತು ಯಾರಿಗೋ ಬೈಯುತ್ತಾನೆಂದೂ ತಮ್ಮ ನಗುತ್ತ ಹೇಳಿದ.

ನಾನು ಇದನ್ನೆಲ್ಲ ನೋಟ್ಸಿನ ಅಂಚಿನಲ್ಲಿ ಬರೆದುಕೊಳ್ಳುತ್ತಿದ್ದೆ. ಸಂಬಳ ಏರಿಸಿದರೆ ಬೆಲೆ ಏರುತ್ತದೆ, ಬೆಲೆ ಏರಿದರೆ ಪಿಂಚಣಿಯವರು ಸಾಯುತ್ತಾರೆ, ಏರಿಸದಿದ್ದರೆ ಉಳಿದ ಹುಡುಗರೂ ಓಡಿಹೋಗುತ್ತಾರೆ. ತರಗತಿಯಲ್ಲಿ ಇದನ್ನು ಹೇಳುವಾಗ ಬ್ರೆಡ್ಡಿನ ಹಲಗೆ, ಕ್ರೇನಿನ ಮುದುಕ ಎಲ್ಲ ಬಂದರು. ಹಿಂದಿನ ಬೆಂಚು ಎಚ್ಚರವಾಯಿತು. ತಮ್ಮ ಅಲ್ಲಿ ಚಳಿಯಲ್ಲಿ ಕಬ್ಬಿಣದ ಹೊಟ್ಟೆಯೊಳಗೆ ಬೋರಲು ಮಲಗಿ ಬೆಸುಗೆ ಹಾಕುತ್ತಿದ್ದ, ನಾನು ಇಲ್ಲಿ ಒಳ್ಳೆಯ ಮೇಡಂ ಆಗುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಕಳೆದ ಜೂನಿನಲ್ಲಿ ಉತ್ತರಪತ್ರಿಕೆಗಳ ಮೌಲ್ಯಮಾಪನ ನಡೆಯಿತು. ಅದರ ಕ್ರಮ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಪ್ರತಿ ಪ್ರಶ್ನೆಗೂ ಮುಖ್ಯ ಪರೀಕ್ಷಕರು ಮೊದಲೇ ಒಂದು ಸ್ಕೀಮ್ ಬರೆದುಕೊಡುತ್ತಾರೆ. ಉತ್ತರದಲ್ಲಿ ಯಾವ ಯಾವ ಅಂಶ ಇರಬೇಕು, ಯಾವುದಕ್ಕೆ ಎಷ್ಟು ಅಂಕ ಎಂಬ ಪಟ್ಟಿ ಅದು. ಮಿಕ್ಕವರು ಆ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಟಿಕ್ ಹಾಕುತ್ತ ಹೋಗುತ್ತಾರೆ. ನಮ್ಮ ಪತ್ರಿಕೆಗೆ ಮುಖ್ಯ ಪರೀಕ್ಷಕಿ ನಾನು. ಐದನೆಯ ಘಟಕದಿಂದ ಬರುವ ಪ್ರಶ್ನೆ ಹೆಚ್ಚುಕಡಿಮೆ ಪ್ರತಿ ವರ್ಷವೂ ಒಂದೇ: ಹರೆಯದವರು ವಲಸೆ ಹೋಗಿರುವ ಇಂಥ ದೇಶವೊಂದು ಕೆಲಸಗಾರರ ಕೊರತೆಯನ್ನು ಹೇಗೆ ನೀಗಿಸಿಕೊಳ್ಳಬೇಕು? ಹತ್ತು ಅಂಕ. ಅದಕ್ಕೆ ಹತ್ತು ವರ್ಷದ ಹಿಂದೆ ನಾನೇ ಬರೆದ ಸ್ಕೀಮಿನಲ್ಲಿ ಐದು ಅಂಶ. ಸಂಬಳ ಏರಿಸಿ ತನ್ನವರನ್ನು ಮರಳಿ ಕರೆಸುವುದು. ಯಂತ್ರ ತರುವುದು. ಹೆಂಗಸರಿಗೂ ಹಿರಿಯರಿಗೂ ಕೆಲಸ ಕೊಡುವುದು. ಅಲ್ಲಿಯವರೆಗೆ ಹೊರಗಿನವರನ್ನು ತರಿಸುವುದು. ಐದನೆಯದು, ಜನರ ಅಸಮಾಧಾನ ಹೆಚ್ಚಿದಾಗ ಹೊರಗಿನವರನ್ನು ಹಂತ ಹಂತವಾಗಿ ಕಡಿಮೆ ಮಾಡುವುದು, ಅವರ ಕುಟುಂಬಗಳು ಬಂದು ನೆಲೆಸಿ ಶಾಲೆ, ಆಸ್ಪತ್ರೆಗಳ ಮೇಲೆ ಹೊರೆಯಾಗದಂತೆ ನೋಡಿಕೊಳ್ಳುವುದು. ಎರಡು ಅಂಕ.

ಎರಡು ವರ್ಷದಲ್ಲಿ ಹೆಂಡತಿ, ಮಗಳನ್ನು ಕರೆಸಿಕೊಳ್ಳಬಹುದು ಎಂದು ತಮ್ಮನಿಗೆ ಹೇಳಿದವಳೂ ನಾನೇ. ನನ್ನ ಈ ಎರಡು ಮಾತುಗಳು ಒಂದನ್ನೊಂದು ಕಂಡಿರಲಿಲ್ಲ. ಒಂದು ಪರೀಕ್ಷೆಯದು, ಒಂದು ಮನೆಯದು. ನಮ್ಮಂಥ ಮೇಷ್ಟ್ರುಗಳನ್ನು ಬಿಟ್ಟು ಇಂಥ ತಪ್ಪನ್ನು ಬೇರೆ ಯಾರೂ ಮಾಡಲಾರರು.

ಅಂದು ಮಧ್ಯಾಹ್ನ ಹೊಸದಾಗಿ ಬಂದ ಒಬ್ಬ ಉಪನ್ಯಾಸಕಿ ಒಂದು ಉತ್ತರಪತ್ರಿಕೆ ಹಿಡಿದುಕೊಂಡು ನನ್ನ ಮೇಜಿಗೆ ಬಂದಳು. ಅದರಲ್ಲಿ ನಾಲ್ಕು ಅಂಶಗಳು ಸರಿಯಾಗಿದ್ದವು. ಐದನೆಯದರ ಜಾಗದಲ್ಲಿ, ಸರ್ಕಾರ ಏನು ಮಾಡುವ ಮೊದಲೂ ಬಂದವರನ್ನು ಒಮ್ಮೆ ಕೇಳಬೇಕು, ಅವರು ಮನೆ ಬಿಟ್ಟು ಬಂದವರು ಎಂದು ಯಾವುದೋ ಹುಡುಗಿಯೋ ಹುಡುಗನೋ ಗುಂಡಗಿನ ಅಕ್ಷರದಲ್ಲಿ ಬರೆದಿತ್ತು.

“ಮೇಡಂ, ಇದಕ್ಕೆ ಒಂದು ಅಂಕ ಕೊಡಬಹುದಾ?”

“ಸ್ಕೀಮಿನಲ್ಲಿ ಇಲ್ಲವಲ್ಲ,” ಎಂದೆ. “ಭಾವನೆಗೆ ಮಾರ್ಕು ಕೊಡಲಿಕ್ಕೆ ಇದು ಕನ್ನಡ ಪೇಪರಾ?”

ಸುತ್ತ ಕೂತವರು ನಕ್ಕರು. ನನಗೂ ನನ್ನ ಮಾತು ಇಷ್ಟವಾಯಿತು. ಕೆಂಪು ಪೆನ್ನಿನಲ್ಲಿ ಸೊನ್ನೆ ಬರೆದು ಸುತ್ತ ಒಂದು ಗೆರೆ ಹಾಕಿ ಕೊಟ್ಟೆ. ಅಷ್ಟರಲ್ಲಿ ಫೋನು ಬಂತು, ಮೂರೂವರೆ ಗಂಟೆಯಾಗಿತ್ತು. ಜಗಲಿಗೆ ಹೋಗಿ ತೆಗೆದುಕೊಂಡೆ. ಕುಟುಂಬವನ್ನು ಕರೆಸುವ ಅರ್ಜಿ ಕೊಟ್ಟಾಯಿತು, ನವೆಂಬರಿನೊಳಗೆ ಆಗುತ್ತದಂತೆ ಎಂದು ತಮ್ಮ ಹೇಳಿದ. ನನ್ನ ಕ್ಯಾಲೆಂಡರಿನ ಹಾಳೆಯನ್ನು ಅವನು ಮಲಗುವ ಕೋಣೆಯ ಗೋಡೆಗೆ ಅಂಟಿಸಿಕೊಂಡಿದ್ದಾನೆಂದೂ ಅಂದೇ ತಿಳಿಯಿತು.

ಚೌತಿ ಮುಗಿದ ವಾರ ಅಲ್ಲಿನ ಸರ್ಕಾರದ ಪ್ರಕಟಣೆ ಬಂತು. ತಮ್ಮ ಅದನ್ನು ಹಾಗೆಯೇ ನನಗೆ ಕಳಿಸಿದ, ಫೋನಿನಲ್ಲಿ ಹಾಕಿ ಕನ್ನಡ ಮಾಡಿ ಓದಿದೆ. ಯಂತ್ರ ಮಾಡಿದ ಕನ್ನಡ ಸೊಟ್ಟಸೊಟ್ಟವಾಗಿತ್ತು, ವಿಷಯ ಮಾತ್ರ ನೆಟ್ಟಗಿತ್ತು. ಸಂಬಳ ಏರಿಸುವ ಯೋಜನೆ, ಯಂತ್ರಗಳಿಗೆ ಸಹಾಯಧನ, ಹಿರಿಯರ ಕೆಲಸಕ್ಕೆ ರಿಯಾಯಿತಿ. ಆಮೇಲೆ, ಹೊರಗಿನವರ ಹೊಸ ಪರವಾನಗಿಗಳಲ್ಲಿ ಕಡಿತ. ಇದ್ದವರು ತಮ್ಮ ಅವಧಿ ಮುಗಿಸಿ ಹೋಗಬಹುದು. ಕುಟುಂಬದ ಪರವಾನಗಿ ನಿಲ್ಲಿಸಲಾಗಿದೆ, ಬಾಕಿ ಇರುವ ಅರ್ಜಿಗಳನ್ನು ಹಿಂದಿರುಗಿಸಲಾಗುವುದು.

ನಾನು ಎದ್ದು ಹೋಗಿ ಕಪಾಟಿನಿಂದ ನನ್ನ ಸ್ಕೀಮನ್ನು ತೆಗೆದು ಪಕ್ಕದಲ್ಲಿಟ್ಟು ನೋಡಿದೆ. ನಾನು ಅವರ ಪತ್ರಿಕೆ ತಿದ್ದಿದ್ದರೆ ಹತ್ತಕ್ಕೆ ಹತ್ತು ಕೊಡಬೇಕಿತ್ತು. ಅಡುಗೆಮನೆಗೆ ಹೋಗಿ ನೀರು ಕುಡಿದೆ.

ಸುಮ್ಮನೆ ಕೂರಲಿಲ್ಲ. ಏಜೆಂಟನಿಗೆ ಫೋನು ಮಾಡಿದೆ. “ಮೇಡಂ, ನೀವೇ ಇದನ್ನು ಕಲಿಸುವವರು, ನಿಮಗೆ ಗೊತ್ತಿಲ್ಲದ್ದು ನನಗೆಂತ ಗೊತ್ತು?” ಎಂದ, ತಮಾಷೆಗಲ್ಲ, ನಿಜವಾಗಿ. ಆ ದೇಶದ ರಾಯಭಾರ ಕಚೇರಿಗೆ ಮೂರು ಪತ್ರ ಬರೆದೆ. ನಿಮ್ಮ ಪತ್ರ ತಲುಪಿದೆ ಎಂದು ಮೂರು ಸಲ ಉತ್ತರ ಬಂತು. ಕಾಪುವಿನ ಪಕ್ಕದ ಮನೆಗೆ ಹೋಗಿ ಗಲ್ಫಿನ ಆ ಕೆಲಸ ಇನ್ನೂ ಉಂಟಾ ಎಂದು ಕೇಳಿದೆ. ಅದಕ್ಕೆ ಎರ್ಮಾಳಿನ ಒಬ್ಬ ಹೋಗಿ ಎರಡು ವರ್ಷವಾಗಿತ್ತು. ಮಲ್ಪೆಯ ಯಾರ್ಡಿನವರು, ಬರಲಿ, ಮೂರು ದಿನದ ಕೆಲಸ ಇದ್ದೇ ಉಂಟು ಎಂದರು, ಆಮೇಲೆ ಸ್ವಲ್ಪ ಯೋಚಿಸಿ, ಮೂರು ಇಲ್ಲ, ಎರಡು ಎಂದರು.

ಹೀಗೆ ಎರಡು ವಾರ ಕಳೆದ ಮೇಲೆ ಒಂದು ಭಾನುವಾರ ತಮ್ಮ ಫೋನು ಮಾಡಿದ. ಅಳುತ್ತಾನೆ, ಇಲ್ಲವೇ ನನ್ನನ್ನು ಬೈಯುತ್ತಾನೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

“ಅಕ್ಕ, ಒಂದು ಕೇಳ್ತೇನೆ. ಅವರು ಮಾಡಿದ್ದು ಸರಿಯಾ, ತಪ್ಪಾ?”

ತಪ್ಪು ಎಂದು ಹೇಳಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಒಂದೇ ಶಬ್ದ, ಖರ್ಚಿಲ್ಲದ್ದು. ಆದರೆ ನನ್ನ ಬಾಯಿಗೆ ಇಪ್ಪತ್ತೆರಡು ವರ್ಷದ ಅಭ್ಯಾಸ.

“ಅವರ ಜಾಗದಲ್ಲಿ ಇದ್ದಿದ್ರೆ ನಾನೂ ಹಾಗೇ ಮಾಡ್ತಿದ್ದೆನೋ ಏನೋ,” ಎಂದೆ. “ಅವರಿಗೂ ಬೇರೆ ದಾರಿ ಇಲ್ಲ.”

ಅವನ ಹಿಂದೆ ಎಲ್ಲೋ ಕಬ್ಬಿಣ ಬಡಿಯುವ ಸದ್ದು ಕೇಳುತ್ತಿತ್ತು, ಭಾನುವಾರವೂ ಕೆಲಸ ಇತ್ತೆಂದು ಕಾಣುತ್ತದೆ.

“ಹಾಗಾದ್ರೆ ನಿನ್ನ ಪಾಠ ಸರಿಯೇ ಉಂಟು,” ಎಂದ.

ಅವನಿಗೆ ಕುಹಕ ಬಾರದು. ಅಕ್ಕನ ಪಾಠ ಸರಿಯಿದೆ ಎಂದು ಅವನಿಗೆ ನಿಜಕ್ಕೂ ಒಂದು ಬಗೆಯ ನೆಮ್ಮದಿಯಾಗಿತ್ತು. ನಾನು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದೆ. ಅವನು ಇನ್ನೂ ಹೇಳುತ್ತಿದ್ದ. ಕ್ರೇನಿನ ಮುದುಕ ಓಟು ಹಾಕಿದ್ದು ಈ ಸರ್ಕಾರಕ್ಕೇ ಅಂತೆ. ಪಿಂಚಣಿ ಏರಿಸುತ್ತೇವೆ, ಹೊರಗಿನವರನ್ನು ನಿಲ್ಲಿಸುತ್ತೇವೆ ಎಂದಿದ್ದರಂತೆ. ಪ್ರಕಟಣೆ ಬಂದ ದಿನ ಅವನೇ ತನ್ನ ಮನೆಯಿಂದ ಸೂಪು ತಂದು ತಮ್ಮನ ಎದುರಿಗಿಟ್ಟು, ಪಕ್ಕದಲ್ಲಿ ಕೂತಿದ್ದನಂತೆ.

“ನಿನಗೆ ಅವನ ಮೇಲೆ ಸಿಟ್ಟು ಬರ್ಲಿಲ್ವಾ?”

“ಎಂತ ಸಿಟ್ಟು ಅಕ್ಕ. ಬ್ರೆಡ್ಡಿಗೆ ಅಷ್ಟು ಕ್ರಯ ಆದ್ರೆ ಮುದುಕ ಎಂತ ಮಾಡ್ಬೇಕು?”

ಪರವಾನಗಿ ಮುಗಿಯಲು ಇನ್ನೂ ಒಂದು ವರ್ಷ ಇತ್ತು. ಅಲ್ಲಿಯವರೆಗೆ ಇರುತ್ತೇನೆ, ಬಂದು ಮಾಡುವುದಾದರೂ ಏನು ಎಂದ. ಆಮೇಲೆ ದನಿ ಇಳಿಸಿ ಹೇಳಿದ: “ಮನೆಯಲ್ಲಿ ನಾನಿನ್ನೂ ಹೇಳಲಿಲ್ಲ, ನೀನೇ ಹೋಗಿ ಹೇಳು. ಮಗಳ ಹತ್ತಿರ ನನಗೆ ಹೇಳ್ಲಿಕ್ಕೆ ಆಗುವುದಿಲ್ಲ.”

ಮರುದಿನ ರಜೆ ಹಾಕಿ ಕಾರ್ಕಳದ ಬಸ್ಸು ಹತ್ತಿದೆ. ಹಿರಿಯಡ್ಕದಲ್ಲಿ ಬಸ್ಸು ತುಂಬ ಹೊತ್ತು ನಿಂತಿತು. ಬೇರೆ ದಿನವಾದರೆ ಡ್ರೈವರನಿಗೆ ನಾಲ್ಕು ಮಾತು ಹೇಳುತ್ತಿದ್ದೆ. ಅಂದು ಇನ್ನೂ ಸ್ವಲ್ಪ ನಿಲ್ಲಲಿ ಎನಿಸಿತು. ಹೇಗೆ ಹೇಳುವುದೆಂದು ಮನಸ್ಸಿನಲ್ಲೇ ಮೂರು ಬಗೆಯಲ್ಲಿ ಜೋಡಿಸಿಕೊಂಡೆ, ಮೂರೂ ಪಾಠದ ಹಾಗೇ ಇದ್ದವು.

ಬಾಗಿಲು ತೆಗೆದದ್ದು ತಮ್ಮನ ಮಗಳು. ಒಂಬತ್ತನೆಯ ತರಗತಿಯ ಹುಡುಗಿ, ದಸರಾ ರಜೆಯ ಮೊದಲ ದಿನ. ಆ ದೇಶದ ಭಾಷೆಯಲ್ಲಿ ಅತ್ತೆಗೆ ನಮಸ್ಕಾರ ಎಂದಳು. ಒಂದೂವರೆ ವರ್ಷದಿಂದ ಫೋನಿನಲ್ಲಿ ಕಲಿಯುತ್ತಿದ್ದಳು, ಕ್ರೇನಿನ ಅಜ್ಜನ ಹತ್ತಿರ ಫೋನಿನಲ್ಲಿ ಮಾತಾಡುವಷ್ಟು ಬಂದಿತ್ತು. ತನ್ನ ಮೊಮ್ಮಕ್ಕಳಿಗೆ ಬಾರದ್ದು ಇವಳಿಗೆ ಬರುತ್ತದೆಂದು ಅವನು ಊರಿಗೆಲ್ಲ ಹೇಳಿಕೊಂಡು ಬಂದಿದ್ದನಂತೆ. ಒಳಗೆ ಮಂಚದ ಮೇಲೆ ಎರಡು ದಪ್ಪ ಸ್ವೆಟರುಗಳು ಮಡಚಿಟ್ಟಿದ್ದವು. ಹೊರಡುವ ತಯಾರಿಗೆಂದು ಅವಳ ಅಮ್ಮ ಶನಿವಾರವೇ ಕಾರ್ಖಾನೆಯ ಕೆಲಸ ಬಿಟ್ಟಿದ್ದಳು. ಜೊತೆಯ ಹೆಂಗಸರು ಸೇರಿ ಕೊಟ್ಟ ಹೊಸ ಸ್ಟೀಲ್ ಡಬ್ಬ ಮೇಜಿನ ಮೇಲಿತ್ತು, ಅದರಲ್ಲಿದ್ದ ಹೋಳಿಗೆಯನ್ನೇ ನನಗೆ ತಂದುಕೊಟ್ಟಳು.

ಹೋಳಿಗೆ ಕೈಯಲ್ಲಿ ಹಿಡಿದುಕೊಂಡೇ ಹೇಳಿದೆ.

ತಮ್ಮನ ಹೆಂಡತಿ ಎದ್ದುಹೋಗಿ ಸ್ವೆಟರುಗಳನ್ನು ಕಪಾಟಿನ ಮೇಲಿನ ಅಟ್ಟಕ್ಕೆ ಹಾಕಿದಳು, ಕೈಗೆ ಸುಲಭವಾಗಿ ಸಿಗದ ಜಾಗಕ್ಕೆ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಕಾರ್ಖಾನೆಯ ಕಡೆ ಹೊರಟಳು. ಗಂಟೆ ಬಿಟ್ಟು ಬಂದಾಗ, ಮೇಜಿನ ಕೆಲಸ ಬೇರೆಯವರಿಗೆ ಕೊಟ್ಟಾಗಿದೆ, ಮತ್ತೆ ಸಿಪ್ಪೆ ತೆಗೆಯುವಲ್ಲಿ ಕೂರಬೇಕು, ನಾಳೆಯಿಂದ, ಎಂದಳು. ಅತ್ತಿಗೆ, ನೀವು ಹೇಳಿದ ಮೇಲೇ ನಾವು ಹೊರಟದ್ದು ಎಂದು ಒಂದು ಮಾತು ಅನ್ನುತ್ತಾಳೆಂದು ಕಾದೆ. ಊಟ ಮಾಡಿಕೊಂಡು ಹೋಗಿ ಅತ್ತಿಗೆ ಎಂದಳು.

ಅವಳು ಕಾರ್ಖಾನೆಗೆ ಹೋಗಿದ್ದಾಗ ಮಗಳು ನನ್ನನ್ನು ಬಿಟ್ಟಿರಲಿಲ್ಲ.

“ಅತ್ತೆ, ನಾವು ಎಂತ ತಪ್ಪು ಮಾಡಿದ್ದೇವೆ?”

“ಏನೂ ಇಲ್ಲ.”

“ಮತ್ತೆ ಯಾಕೆ?”

ನನಗೆ ಬೇರೇನು ಬರುತ್ತದೆ? ಅವಳ ನೋಟ್‌ಬುಕ್ಕನ್ನೇ ಎಳೆದುಕೊಂಡು ಒಂದು ಗೆರೆ ಮೇಲಕ್ಕೆ, ಒಂದು ಕೆಳಕ್ಕೆ ಎಳೆದೆ. ಸಂಬಳ, ಬ್ರೆಡ್ಡು, ಪಿಂಚಣಿ, ಓಟು ಎಂದು ಒಂದೊಂದಾಗಿ ಬಿಡಿಸಿ ಹೇಳಿದೆ. ನಾನು ಚೆನ್ನಾಗಿಯೇ ಕಲಿಸುತ್ತೇನೆ, ಅವಳಿಗೆ ಪೂರ್ತಿ ಅರ್ಥವಾಯಿತು. ಅರ್ಥವಾದದ್ದರಿಂದ ಅವಳಿಗೆ ಯಾರ ಮೇಲೂ ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ, ಅತ್ತುಬಿಟ್ಟಳು. ತಲೆ ಸವರಿದೆ. ಅಷ್ಟನ್ನು ಬಿಟ್ಟು ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಮುಖ ತೊಳೆದು ಬಂದು ಅವಳು ಮತ್ತೆ ನೋಟ್‌ಬುಕ್ಕಿನ ಮುಂದೆ ಕೂತಳು. ಗೆರೆಗಳನ್ನು ಸ್ವಲ್ಪ ಹೊತ್ತು ನೋಡಿದಳು.

“ಇದು ನೀವು ಕಾಲೇಜಿನಲ್ಲಿ ಪರೀಕ್ಷೆಗೆ ಕೊಡ್ತೀರಾ?”

“ಕೊಡ್ತೇನೆ.”

“ನನಗೆ ಮುಂದೆ ಈ ಪ್ರಶ್ನೆ ಬಂದ್ರೆ, ಅಪ್ಪನನ್ನು ಕೂಡ ಒಂದು ಸಲ ಕೇಳ್ಬೇಕಿತ್ತು ಅಂತ ಬರೀಬಹುದಾ ಅತ್ತೆ?”

ಬರಿ ಮಗಾ ಎಂದೆ. ಅದಕ್ಕೆ ಎಷ್ಟು ಅಂಕವೆಂದು ಅವಳು ಕೇಳಲಿಲ್ಲ.